ಮೀನಿಗೆ ಪಡವಲಕಾಯಿ ಎಂದ ಚಳಿಗಾಲ

ಡೆಟ್ರಾಯಿಟಿನ ಹತ್ತಿರದ ಟ್ರಾಯ್‌ನ ನಮ್ಮ ಮನೆಯಿಂದ ಹೆದ್ದಾರಿಯಲ್ಲಿ ಎರಡು ಎಕ್ಸಿಟ್ ಆಚೆ ಒಂದು ಚೀನೀ ಅಂಗಡಿ ಇದೆ. ಎಳೆಯ ಹೀರೆಕಾಯಿ ಬೇಕೆಂದರೆ ನಾನು ಹೋಗುವುದು ಅಲ್ಲಿಗೇ. ಹೋದ ವಾರ ಮೊಮ್ಮಗಳನ್ನು ಕರೆದುಕೊಂಡು ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ಒಣಮೀನು, ಶುಂಠಿ, ಒದ್ದೆ ರಟ್ಟಿನ ಪೆಟ್ಟಿಗೆ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಕೌಂಟರಿನ ಹತ್ತಿರ ಇಬ್ಬರು ಹೆಂಗಸರು ಹಾಂಕಾಂಗಿನವರ ಮಾತಾದ ಕ್ಯಾಂಟನೀಸ್‌ನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಆ ಭಾಷೆ ನನಗೆ ಬರುವುದಿಲ್ಲ. ಆದರೆ ಮಾತಿನ ಕೊನೆಯನ್ನು ಎಳೆದು ಎಳೆದು ಬಿಡುವ ಆ ರಾಗ ಚೆನ್ನಾಗಿ ಗೊತ್ತು. ಹೀರೆಕಾಯಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಅಜ್ಜೀ, ಆರ್ ಯೂ ಓಕೆ?" ಅಂದಳು ಮೊಮ್ಮಗಳು.

ಏನಿಲ್ಲ ಬಾ ಅಂದೆ. ಏನಿಲ್ಲ ಅಂದದ್ದು ಸುಳ್ಳು. ಗಂಗಕ್ಕ ನೆನಪಾಗಿದ್ದಳು. ಅವಳು ನೆನಪಾದರೆ ಇಷ್ಟು ವರ್ಷವಾದ ಮೇಲೂ ನನಗೆ ಸಂಕಟವಾಗುತ್ತದೆ, ಅದರ ಜೊತೆಗೇ ಸಿಟ್ಟೂ ಬರುತ್ತದೆ.

ಅದು ಎಪ್ಪತ್ತರ ದಶಕದಲ್ಲಿ ಪೆಟ್ರೋಲಿಗೆ ಕಾರುಗಳು ಸಾಲು ನಿಲ್ಲುತ್ತಿದ್ದ ಚಳಿಗಾಲ. ನಾನು ಮೈಸೂರಿನಿಂದ ಬಂದು ಡೆಟ್ರಾಯಿಟಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆಯಾಗಲು ತರಬೇತಿ ಪಡೆಯುತ್ತಿದ್ದೆ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಹಾಂಕಾಂಗಿನ ಲಾಯ್ ಫಾಂಗ್ ಕೆಲಸ ಮಾಡುತ್ತಿದ್ದಳು. ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟ್ ಹಂಚಿಕೊಂಡಿದ್ದೆವು. ಹತ್ತಿರದ ಪ್ಲಿಮತ್ ಊರಿನಲ್ಲಿ ಪ್ರಭಾಕರನಿದ್ದ. ಗದಗದ ಹುಡುಗ, ಕಾರಿನ ಸೀಟುಗಳ ಸ್ಪ್ರಿಂಗ್ ಮಾಡುವ ಕಂಪನಿಯಲ್ಲಿ ಇಂಜಿನಿಯರ್, ಇನ್ನೂ ಮದುವೆಯಾಗಿರಲಿಲ್ಲ. ಎಲೆ ಉದುರುವ ಹೊತ್ತಿಗೆ ಅವನ ಅಕ್ಕ ಗಂಗಕ್ಕ ಆರು ತಿಂಗಳ ವೀಸಾದ ಮೇಲೆ ಬಂದಳು.

ಬಂದವಳನ್ನು ನೋಡಿ ನಾನು ಬೆಚ್ಚಿದೆ. ಅಕ್ಕ, ಅಕ್ಕ ಎಂದು ಅವನು ಹೇಳುತ್ತಿದ್ದ ರೀತಿಗೆ ಯಾರೋ ಹಲ್ಲು ಬಿದ್ದ ಮುದುಕಿ ಬರುತ್ತಾಳೆಂದುಕೊಂಡಿದ್ದೆ. ಅವಳಿಗೆ ನಲವತ್ತೂ ಆಗಿರಲಿಲ್ಲ. ಹದಿನೈದಕ್ಕೆ ಮದುವೆ, ಹತ್ತೊಂಬತ್ತಕ್ಕೆ ಗಂಡ ಕಾಮಾಲೆಯಲ್ಲಿ ಹೋದ. ಹಣೆ ಬರಿದು ಮಾಡಿಕೊಂಡು ತವರಿಗೆ ಬಂದಳು. ತಾಯಿ ಇಲ್ಲದ ಮನೆಯಲ್ಲಿ ಆರು ವರ್ಷದ ತಮ್ಮನನ್ನು ತಾನೇ ಸಾಕಿ, ಹೊಲಿಗೆ ಮಷೀನ್ ತುಳಿದು ಇಂಜಿನಿಯರ್ ಮಾಡಿದಳು. ನಾನು ಮರ್ಯಾದೆಗೆ ಬಹುವಚನ ಹಚ್ಚಲು ಹೋದರೆ, "ನಂಗ ನೀವು-ಗೀವು ಅನಬ್ಯಾಡವಾ, ಗಂಗಕ್ಕಾ ಅನ್ನು," ಅಂದಳು. ತಂದಿದ್ದ ಜೋಳದ ಹಿಟ್ಟು ಮುಗಿದ ಮೇಲೆ ಮೆಕ್ಸಿಕನ್ ಅಂಗಡಿಯ ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ ನಮಗೆಲ್ಲ ಹಾಕಿದಳು. ಉಳಿದ ಹೊತ್ತು ಕಿಟಕಿಯ ಹತ್ತಿರ ಕೂತು ಪಾರ್ಕಿಂಗ್ ಲಾಟ್ ನೋಡುತ್ತಿದ್ದಳು.

ಆ ವರ್ಷದ ದೀಪಾವಳಿಗೆ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊರಿನಿಂದ ಬಂದ ತಾಯಂದಿರು, ಅತ್ತೆಯರು ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡು ಸಾಲಾಗಿ ಕೂತಿದ್ದರು. ಷಿಕಾಗೋದಿಂದ ಮೂರ್ತಿಗಳು ಕನ್ನಡ ಸಿನಿಮಾ ತರುತ್ತಾರೆಂದು ಎಲ್ಲರಿಗೂ ಆಸೆ. ಮೂರ್ತಿಗಳು ಮೈಸೂರಿನವರು, ಸೇತುವೆಗಳ ನಕ್ಷೆ ಬರೆಯುವ ಕೆಲಸ, ನಲವತ್ತೈದು ದಾಟಿದ ವಯಸ್ಸು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸ್ವಂತ ಪ್ರೊಜೆಕ್ಟರ್ ಇಟ್ಟುಕೊಂಡಿದ್ದರು. ಯಾರು ಕರೆದರೂ ಅದನ್ನು ಕಾರಿಗೆ ಹಾಕಿಕೊಂಡು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದರು.

ಅವತ್ತು ಮೂರು ತಗಡಿನ ಡಬ್ಬಿ ಹೊತ್ತು ತಂದು ಮೇಜಿನ ಮೇಲಿಟ್ಟು ತಲೆ ಕೆರೆದುಕೊಂಡರು.

"ಕನ್ನಡದ ರೀಲು ನ್ಯೂಯಾರ್ಕಿಂದ ಬರಲೇ ಇಲ್ಲ ಡಾಕ್ಟ್ರೇ. ಬರೀ ಕೈಲಿ ಹ್ಯಾಗೆ ಬರೋದು ಅಂತ ಇದನ್ನ ತಂದೆ. ಷಿಕಾಗೋ ಚೈನಾಟೌನಲ್ಲಿ ನಾನು ತರಕಾರಿ ತಗೊಳ್ಳೋ ಅಂಗಡಿಯೋನು ಹಿಂದಿನ ರೂಮಲ್ಲಿ ರೀಲೂ ಬಾಡಿಗೆಗೆ ಕೊಡ್ತಾನೆ. ಕ್ಯಾಂಟನೀಸಂತೆ. ಭಾಳ ನಗು ಬರತ್ತಂತೆ."

"ನಗು ಬರೋಕೆ ಮೊದಲು ಅರ್ಥ ಆಗಬೇಕಲ್ಲ ಮೂರ್ತಿಗಳೇ," ಅಂದೆ.

"ಅದನ್ನ ನಾನು ದಾರೀಲಿ ಯೋಚನೆ ಮಾಡ್ಲಿಲ್ಲ ನೋಡಿ," ಅಂದರು.

ಚಕ್ಕುಲಿ ತಿನ್ನಲೆಂದು ನನ್ನ ಜೊತೆ ಬಂದಿದ್ದ ಲಾಯ್ ಫಾಂಗ್ ಡಬ್ಬಿಯ ಮೇಲಿನ ಹೆಸರು ಓದಿ ಕುಣಿದಾಡಿಬಿಟ್ಟಳು. ಊರಿನಲ್ಲಿ ಎರಡು ಸಲ ನೋಡಿದ್ದ ಚಿತ್ರವಂತೆ. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿದ್ದವು, ಆದರೆ ನಾವು ಕಟ್ಟಿದ್ದ ಬೆಡ್‌ಶೀಟ್ ಗಿಡ್ಡವಾಗಿ ಅವೆಲ್ಲ ಕೆಳಗಿದ್ದ ಪಿಯಾನೋ ಮೇಲೆ ಬೀಳುತ್ತಿದ್ದವು. ಬೆಡ್‌ಶೀಟಿನ ಮೇಲೇ ಬಿದ್ದಿದ್ದರೂ ಆ ತಾಯಂದಿರಿಗೆ ಇಂಗ್ಲಿಷ್ ಓದಲು ಬರಬೇಕಲ್ಲ. ನಾನು ಬಾಯಿ ಜಾಸ್ತಿ ಇರುವವಳು. ಮೈಕ್ ಎಳೆದುಕೊಂಡು ಕೂತೆ. ಲಾಯ್ ಫಾಂಗ್ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಆಡುವುದು. ಕಾಲೇಜಿನಲ್ಲಿ ನಾಟಕ ಮಾಡಿದ್ದ ಪ್ರಭಾಕರ ಗಂಡಸರ ಮಾತು ತೆಗೆದುಕೊಂಡ.

ಕಥೆ ಇಷ್ಟೇ. ಹಾಂಕಾಂಗಿನ ಒಂದು ವಠಾರದ ಮಹಡಿಯಲ್ಲಿ ಕೆಲಸಕ್ಕೆ ಹೋಗುವ ಮೂವರು ಗೆಳತಿಯರು, ಅವರ ಮೇಲಿನ ಮಹಡಿಯಲ್ಲಿ ಮೂವರು ಗೆಳೆಯರು. ಎಲ್ಲರಿಗೂ ಪ್ರೀತಿ ಬೇಕು, ಯಾರಿಗೂ ಹೇಳುವ ಧೈರ್ಯವಿಲ್ಲ. ಕೆಳಗೆ ವಠಾರದ ಒಡತಿ, ಗಂಡ ಸತ್ತ ಸಿಡುಕಿ. ಎದುರಿನ ಫೋಟೋ ಸ್ಟುಡಿಯೋದ ಬಡಕಲು ಮನುಷ್ಯ ದಿನಾ ಒಂದು ಮೀನನ್ನು ದಾರಕ್ಕೆ ಕಟ್ಟಿ ತಂದು ಅವಳ ಬಾಗಿಲಲ್ಲಿ ನಿಲ್ಲುತ್ತಾನೆ. ಕೊನೆಯಲ್ಲಿ ಎಲ್ಲರಿಗೂ ಮದುವೆಯಾಗುತ್ತದೆ, ಒಡತಿಗೂ.

ನೆಲಮಾಳಿಗೆ ನಕ್ಕು ನಕ್ಕು ಸುಸ್ತಾಯಿತು. ಆ ಸುದ್ದಿ ಹಬ್ಬಿ ಸುತ್ತಲಿನ ಊರುಗಳಾದ ಆನ್ ಆರ್ಬರ್, ಲ್ಯಾನ್ಸಿಂಗ್, ಟೊಲೀಡೋದವರೆಲ್ಲ ಕರೆಯತೊಡಗಿದರು. ಅಂಗಡಿಯವನು ರೀಲು ವಾಪಸ್ ಕೇಳಲೂ ಇಲ್ಲ. ಅವನ ಗಿರಾಕಿಗಳಿಗೆ ಈಗ ಕತ್ತಿವರಸೆಯ ಚಿತ್ರಗಳೇ ಬೇಕಂತೆ, ಈ ಪ್ರೀತಿ ಪ್ರೇಮ ಯಾರಿಗೂ ಬೇಡವಂತೆ. ಹೀಗಾಗಿ ಆ ಚಳಿಗಾಲ ಶನಿವಾರ ಮಧ್ಯಾಹ್ನ ಬಂತೆಂದರೆ ನಾವು ಎಲ್ಲಾದರೂ ಒಂದು ಕಡೆ ಬೆಡ್‌ಶೀಟ್ ಕಟ್ಟುತ್ತಿದ್ದೆವು. ಮಾತು ಪ್ರತಿ ಸಲವೂ ಬದಲಾಗುತ್ತಿತ್ತು. ಹುಡುಗಿಯರು ಮಲ್ಲೇಶ್ವರದವರಾದರು, ಹುಡುಗರು ಧಾರವಾಡದವರಾದರು. ಪ್ರೊಜೆಕ್ಟರ್ ನಡೆಸುತ್ತಲೇ ಮೂರ್ತಿಗಳು ಹಿಂದಿನಿಂದ ಫೋಟೋದವನ ಮಾತು ಆಡಲು ಶುರುಮಾಡಿದರು.

ಲ್ಯಾನ್ಸಿಂಗ್‌ನಲ್ಲಿ ನನ್ನ ಗಂಟಲು ಕಟ್ಟಿತು. ಒಡತಿಯ ಪಾತ್ರ ನೀನು ಮಾಡು ಅಂತ ಗಂಗಕ್ಕನ ಕೈಗೆ ಮೈಕ್ ತುರುಕಿದೆ. ಒಲ್ಲೆ ಒಲ್ಲೆ ಅನ್ನುತ್ತಲೇ ಹಿಡಿದುಕೊಂಡಳು. ಪರದೆಯ ಮೇಲೆ ಫೋಟೋದವನು ದಾರದಲ್ಲಿ ಮೀನು ತೂಗಾಡಿಸುತ್ತಾ ಬಂದ. ಬ್ರಾಹ್ಮಣರ ಮನೆಯ ಹೆಂಗಸು ಮೀನಿಗೆ ಏನು ಮಾತಾಡಿಯಾಳು ಎಂದು ನಾನು ನೋಡುತ್ತಿದ್ದೆ.

"ಇದೇನ್ರೀ ಫೋಟೋದವರ, ಇಷ್ಟು ಬಡಕಲು ಪಡವಲಕಾಯಿ ತಂದೀರಿ? ನಿಮ್ಮ ಪೈಕಿನೋ ಏನಿದು?" ಅಂದಳು.

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನಿಂದ ಮೂರ್ತಿಗಳು ತಡವರಿಸದೆ, "ಇಲ್ಲಮ್ಮ, ಮಾರ್ಕೆಟ್ಟಲ್ಲಿ ಇದೊಂದೇ ನಿಮ್ಹಾಗೆ ಮುಖ ಗಂಟು ಹಾಕ್ಕೊಂಡಿತ್ತು, ಅದಕ್ಕೇ ತಂದೆ," ಅಂದರು.

ಅವತ್ತಿನಿಂದ ಆ ಪಾತ್ರ ಅವಳದೇ ಆಯಿತು. ಮೀನು ಒಂದು ವಾರ ಪಡವಲಕಾಯಿ, ಇನ್ನೊಂದು ವಾರ ಬಾಳೆಕಾಯಿ, ಮತ್ತೊಂದು ವಾರ ಉಪ್ಪು ಹಚ್ಚದ ಸೌತೆಕಾಯಿ. ಜನ ಹುಡುಗ ಹುಡುಗಿಯರ ಕಥೆ ಬಿಟ್ಟು ಇವರಿಬ್ಬರ ಜಗಳ ಕೇಳಲು ಬರತೊಡಗಿದರು. ಕಿಟಕಿಯ ಹತ್ತಿರ ಸುಮ್ಮನೆ ಕೂರುತ್ತಿದ್ದ ಗಂಗಕ್ಕ ಎಲ್ಲಿ ಹೋದಳೋ. ರೊಟ್ಟಿ ತಟ್ಟುತ್ತಾ ಹೊಸ ಮಾತು ಕಟ್ಟುವಳು, ತನ್ನಷ್ಟಕ್ಕೆ ತಾನೇ ನಗುವಳು.

ಮೊದಲು ಗಮನಿಸಿದವಳು ಲಾಯ್ ಫಾಂಗ್. ಮೂರ್ತಿಗಳು ಪ್ರತಿ ಶನಿವಾರ ಷಿಕಾಗೋ ಚೈನಾಟೌನಿನಿಂದ ಹೀರೆಕಾಯಿ, ಹಾಗಲಕಾಯಿ, ಉದ್ದ ಅಲಸಂದೆ ತಂದು ಗಂಗಕ್ಕನ ಕೈಗೆ ಕೊಡುತ್ತಿದ್ದರು. ಡೆಟ್ರಾಯಿಟಿನಲ್ಲಿ ಆಗ ಅವೆಲ್ಲ ಕಣ್ಣಿಗೆ ಬೀಳುತ್ತಿರಲಿಲ್ಲ.

"ಚಿತ್ರದವನು ಮೀನು ತರುತ್ತಾನೆ, ಇವರು ತರಕಾರಿ ತರುತ್ತಾರೆ. ನಿಮ್ಮ ಜನಕ್ಕೆ ಕಣ್ಣಿಲ್ಲವಾ?" ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮಲ್ಲಿ ವಿಧವೆಯರ ಕಥೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅವರ ಹೊಸ ವರ್ಷ ಬಂದಾಗ ಗಂಗಕ್ಕನಿಗೊಂದು ಕೆಂಪು ಉಣ್ಣೆಯ ಸ್ವೆಟರ್ ತಂದುಕೊಟ್ಟಳು. ಗಂಗಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಾ ಕೂತಳು.

"ವಿಮಲಾ, ಇದನ್ನ ನಾ ಹಾಕ್ಕೋಬಹುದೇನ?"

"ಹೊರಗೆ ಸೊನ್ನೆ ಡಿಗ್ರಿ ಇದೆ ಗಂಗಕ್ಕ, ಫ್ಯಾರನ್‌ಹೀಟಲ್ಲಿ ಸೊನ್ನೆ. ಶಾಸ್ತ್ರ ಬರೆದೋರು ಯಾರೂ ಡೆಟ್ರಾಯಿಟ್ ನೋಡಿರಲಿಲ್ಲ. ಹಾಕ್ಕೋ," ಅಂದೆ.

ಹಾಕಿಕೊಂಡಳು. ಎಷ್ಟು ಚೆನ್ನಾಗಿ ಕಂಡಳೆಂದರೆ ನನಗೆ ಅಳು ಬಂತು. ಅವತ್ತು ಅವಳನ್ನು ಕರೆದೊಯ್ಯಲು ಬಂದ ಪ್ರಭಾಕರ ಸ್ವೆಟರನ್ನೂ ಅವಳ ಮುಖವನ್ನೂ ನೋಡಿದ. ಕಾರಿನ ಕೀಲಿ ತೆಗೆದುಕೊಂಡು ಮುಂದೆ ನಡೆದ.

ಒಂದು ದಿನ ಕಾಯಿ ತುರಿಯುತ್ತಾ ಅವಳೇ ಮಾತು ತೆಗೆದಳು. "ಮೂರ್ತಿಯವರು ಉಣ್ಣೂವಾಗ ತಲಿ ಎತ್ತೂದಿಲ್ಲ ನೋಡು. ಒಬ್ಬರ ಉಂಡು ರೂಢಿ ಆಗೇದ, ಪಾಪ."

"ನೋಡ್ತಾ ಇದೀಯಾ ಹಾಗಾದ್ರೆ," ಅಂದೆ.

"ಬಡಸೂವಾಗ ಕಾಣಸೂದಿಲ್ಲೇನ?" ಎಂದು ನಕ್ಕಳು. ಆಮೇಲೆ ತುರಿಯುವುದನ್ನು ನಿಲ್ಲಿಸಿ, "ಇದು ಆಗೂ ಹೋಗೂ ಮಾತಲ್ಲ. ಗೊತ್ತದ ನಂಗ. ಆದ್ರ ಶನಿವಾರ ಬಂತಂದ್ರ ಮುಂಜಾನಿಂದನ ಛಲೋ ಅನಸ್ತದ ವಿಮಲಾ. ಇಷ್ಟು ವರ್ಷದಾಗ ಹಿಂಗ ಅನಿಸಿದ್ದಿಲ್ಲ," ಅಂದಳು.

ಯಾಕೆ ಆಗುವ ಮಾತಲ್ಲ? ನನಗೆ ಮೈಯೆಲ್ಲ ಉರಿಯಿತು. ಆಗಿಯೇ ಆಗುತ್ತದೆ ಎಂದು ನಾನೂ ಲಾಯ್ ಫಾಂಗೂ ಚಿತ್ರದ ಗೆಳತಿಯರ ಹಾಗೆಯೇ ಹುನ್ನಾರ ಮಾಡಿದೆವು. ಡಬ್ಬಿ ಹೊರುವ ನೆಪದಲ್ಲಿ ಇಬ್ಬರನ್ನೂ ಹಿಂದೆ ಬಿಡುವುದು, ಊಟಕ್ಕೆ ಮೂರ್ತಿಗಳ ಪಕ್ಕದ ಕುರ್ಚಿ ಖಾಲಿ ಇಡುವುದು, ಹೀಗೆ.

ಮೂರ್ತಿಗಳು ಮನಸ್ಸು ಮಾಡಿದರು. ಆದರೆ ಅವಳನ್ನು ಕೇಳಲಿಲ್ಲ. ಮಾರ್ಚ್ ತಿಂಗಳ ಒಂದು ಸಂಜೆ ಕೆಲಸಕ್ಕೆ ರಜೆ ಹಾಕಿ, ತೆಂಗಿನಕಾಯಿ, ಕಿತ್ತಳೆಹಣ್ಣು ಹಿಡಿದುಕೊಂಡು ಪ್ಲಿಮತ್‌ಗೆ ಹೋಗಿ ಪ್ರಭಾಕರನನ್ನು ಕೇಳಿದರು. ಗಂಗಕ್ಕ ಆ ಹೊತ್ತಿಗೆ ನಮ್ಮ ಮನೆಯಲ್ಲಿದ್ದಳು. ಹೆಣ್ಣು ಕೇಳುವುದೆಂದರೆ ಮನೆಯ ಗಂಡಸನ್ನು ಕೇಳುವುದು, ಅವನು ತನಗಿಂತ ಇಪ್ಪತ್ತು ವರ್ಷ ಚಿಕ್ಕವನಾದರೂ ಸರಿ, ಕೇಳುವುದು ಅವನ ಅಕ್ಕನನ್ನೇ ಆದರೂ ಸರಿ. ಅದು ಮೂರ್ತಿಗಳ ಪಾಲಿಗೆ ಮರ್ಯಾದೆ. ಇಂಥ ಮರ್ಯಾದೆಯಿಂದಲೇ ನಮ್ಮವರು ಕೆಟ್ಟದ್ದು. ಅಡಿಗೆಮನೆಯಲ್ಲಿ ಒಂದು ಮಾತು ಅವಳನ್ನೇ ಕೇಳಿದ್ದರೆ, ಹಿಂದು ಮುಂದು ನೋಡುವ ಮೊದಲೇ ಅವಳ ಬಾಯಿಂದ ಒಪ್ಪಿಗೆ ಬಂದುಬಿಡುತ್ತಿತ್ತೇನೋ.

ಮರುದಿನ ಪ್ರಭಾಕರ ಆಸ್ಪತ್ರೆಯ ಕೆಫೆಟೇರಿಯಾಕ್ಕೆ ಬಂದು ನನ್ನ ಮುಂದೆ ಕೂತ. ಮುಖ ಬಾಡಿತ್ತು.

"ನಿಮ್ಮ ಪಿಕ್ಚರ್ ಎಲ್ಲಿಗೆ ಬಂತು ನೋಡ್ರಿ ಡಾಕ್ಟರ್. ಹುಬ್ಬಳ್ಳ್ಯಾಗ ನನ್ನ ಮದುವಿ ಮಾತು ನಡದದ. ಮುಂದಿನ ತಿಂಗಳ ನಿಶ್ಚಯ. ಭಾಳ ಮಡಿ ಮಂದಿ ಅವರು. ಅಕ್ಕನ ಸುದ್ದಿ ಕೇಳಿದ್ರ ಹುಡುಗೀನ ಕೊಡೂದಿಲ್ಲ."

"ಹುಡುಗೀನ ನೀನು ನೋಡಿದೀಯಾ?"

"ಫೋಟೋ ನೋಡೀನಿ. ನಾಲ್ಕು ಪತ್ರ ಬರದಾಳ. ನಂಗ ಆಕಿ ಬೇಕ್ರಿ."

"ವಾರವಾರ ಮೈಕ್ ಹಿಡ್ಕೊಂಡು ಪ್ರೀತಿ ಮಾಡೋ ಹುಡುಗರಿಗೆಲ್ಲ ಬಾಯಿ ಕೊಟ್ಟೋನು ನೀನೇ ಅಲ್ವೇನಪ್ಪ. ನಿಮ್ಮಕ್ಕನಿಗೆ ಬೇಡ್ವಾ?"

"ಅದು ಸಿನಿಮಾ," ಅಂದ. ಆಮೇಲೆ ಕಣ್ಣು ಒರೆಸಿಕೊಂಡು, "ಅಕ್ಕನ್ನ ಕೇಳ್ತೀನಿ. ನಾ ಏನು ರಾಕ್ಷಸ ಅಲ್ಲ," ಅಂದ.

ಕೇಳಿದ. ಹೇಗೆ ಕೇಳಿದನೆಂದು ಗಂಗಕ್ಕ ನನ್ನ ಕಾರಿನಲ್ಲಿ ಷಿಕಾಗೋಗೆ ಹೋಗುವಾಗ ಹೇಳಿದಳು. ಯುಗಾದಿಗೆಂದು ಅಲ್ಲಿನ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಕೊನೆಯ ಆಟ ಇತ್ತು. ಅವಳ ವೀಸಾ ಮುಗಿಯುತ್ತಾ ಬಂದಿತ್ತು. ಹಿಂದಿನ ಸೀಟಿನಲ್ಲಿ ಲಾಯ್ ಫಾಂಗ್ ನಿದ್ದೆ ಮಾಡುತ್ತಿದ್ದಳು. ಪ್ರಭಾಕರ ತನ್ನ ಕಾರಿನಲ್ಲಿ ಬರುತ್ತಿದ್ದ.

"ಆ ಮಂದಿ ಬಿಟ್ರ ಬಿಡಲಿ ಅಕ್ಕಾ, ನೀ ಹೂಂ ಅನ್ನು ಅಂದಾ. ಅನ್ನೂವಾಗ ಅಳಲಿಕ್ಕತ್ತಿದ್ದ."

"ನೀನೇನಂದೆ?"

"ಇನ್ನೂ ಏನೂ ಅಂದಿಲ್ಲ."

"ನಿನಗೇನು ಬೇಕು ಅದನ್ನ ಹೇಳು ಗಂಗಕ್ಕ. ಅವನು ಅತ್ರೆ ಅಳಲಿ, ಗಂಡಸು. ಬೇರೆ ಹುಡುಗಿ ಸಿಗ್ತಾಳೆ. ನಿನಗೆ ಇನ್ನೊಂದು ಸಲ ಯಾರು ಬಂದು ಕೇಳ್ತಾರೆ?"

"ಅಂವಾ ಆರು ವರ್ಷದವನಿದ್ದಾಗ ನನ್ನ ಕೈಯಾಗ ಕೊಟ್ಟಾರ. ಅಂವಾ ಅಳೂದು ಕೇಳಿದ್ರ ನಂಗ ಮುಂದ ಏನೂ ತಿಳಿಯೂದಿಲ್ಲ," ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಳು.  ರಸ್ತೆಯ ಬದಿಯ ಹಿಮ ಕರಗಿ ಕಪ್ಪು ಕೆಸರಾಗಿತ್ತು.

ಶಾಲೆಯ ಹಾಲ್ ಜನರಿಂದ ತುಂಬಿತ್ತು. ಮೂರ್ತಿಗಳು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಪ್ರೊಜೆಕ್ಟರ್ ಹಿಂದೆ ನಿಂತಿದ್ದರು. ಪ್ರಭಾಕರ ಅವರಿಗೆ ಇನ್ನೂ ಉತ್ತರ ಹೇಳಿರಲಿಲ್ಲ. ಅವರು ಗಂಗಕ್ಕನಿಗೆ ನಮಸ್ಕಾರ ಮಾಡಿದರು, ಅವಳೂ ಮಾಡಿದಳು. ಆಟ ಶುರುವಾಯಿತು. ಮೀನು ಬಂದಾಗಲೆಲ್ಲ ಅವಳು ಎಂದಿನ ಹಾಗೆ ರೇಗಿದಳು, ಅವರು ಎಂದಿನ ಹಾಗೆ ತಿರುಗಿಸಿ ಕೊಟ್ಟರು. ನನಗೆ ಆಸೆ ಹುಟ್ಟಿತು. ಇಷ್ಟು ಚೆನ್ನಾಗಿ ಜಗಳವಾಡುವವಳು ಬಿಟ್ಟುಹೋಗಲಾರಳು ಎಂದುಕೊಂಡೆ.

ಕೊನೆಯ ರೀಲು. ಫೋಟೋದವನು ಅವತ್ತು ಮೀನಿಲ್ಲದೆ ಬರಿಗೈಯಲ್ಲಿ ಬಂದು ಮೆಟ್ಟಿಲ ಹತ್ತಿರ ನಿಲ್ಲುತ್ತಾನೆ. ಒಡತಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾಳೆ.

"ದಿನಾ ತಂದುಕೊಟ್ಟು ಹೋಗೋದು ಸಾಕಾಯ್ತು ಕಣಮ್ಮ," ಅಂದರು ಮೂರ್ತಿಗಳು. ಈ ಮಾತು ಪ್ರತಿ ಸಲವೂ ಇರುತ್ತಿತ್ತು.  ಅವತ್ತು ಅದಕ್ಕೆ ಯಾವತ್ತೂ ಇಲ್ಲದ ಮಾತು ಸೇರಿಸಿದರು. "ನಾಲ್ಕು ವರ್ಷದಿಂದ ಒಬ್ಬನೇ ಊಟ ಮಾಡಿದೀನಿ. ಇನ್ಮೇಲೆ ಒಂದೇ ಮನೇಲಿ ಅಡಿಗೆ ಆಗಬಹುದಾ?"

ಪರದೆಯ ಮೇಲೆ ಒಡತಿಯ ಮುಖ ಅರಳಿತು. ಕೈಯನ್ನು ಅಂಗಿಗೆ ಒರೆಸಿಕೊಂಡು, ನಗುತ್ತಾ, ಹೌದು ಹೌದೆಂದು ತಲೆಯಾಡಿಸಿದಳು.

ಗಂಗಕ್ಕ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬ್ಯಾಡ್ರಿ," ಅಂದಳು. "ನಂಗ ಮನಸಿಲ್ಲ ಅಂತಲ್ಲ. ಮನಸದ, ಭಾಳ ಅದ. ಆದ್ರ ನಾ ಊರಿಗೆ ಹೋಗ್ತೀನಿ. ನೀವು ಹೊತ್ತಿಗೆ ಸರಿಯಾಗಿ ಉಣ್ರಿ."

ಸಭೆ ಹೋ ಎಂದು ನಕ್ಕಿತು. ಅಲ್ಲಿ ಹೆಂಗಸು ಕುಣಿಕುಣಿದು ತಲೆಯಾಡಿಸುತ್ತಿದ್ದಾಳೆ, ಇಲ್ಲಿ ಬೇಡ ಅನ್ನುತ್ತಿದ್ದಾಳೆ. ಇದು ಈ ಸಲದ ಹೊಸ ತಮಾಷೆ ಎಂದುಕೊಂಡರು. ಮುಂದಿನ ಸಾಲಿನ ಒಬ್ಬ ಅಜ್ಜಿ ನಗು ತಾಳಲಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿತ್ರದಲ್ಲಿ ಆಮೇಲೆ ಮಹಡಿಯ ಹುಡುಗರು ಚಪ್ಪಾಳೆ ತಟ್ಟಿ ಮಾತಾಡಬೇಕು, ಅದು ಪ್ರಭಾಕರನದು. ಹುಡುಗರ ಬಾಯಿ ಆಡುತ್ತಿತ್ತು, ಪ್ರಭಾಕರನ ಬಾಯಿಂದ ಮಾತೇ ಬರಲಿಲ್ಲ. ಅದಕ್ಕೂ ಜನ ನಕ್ಕರು. ನಾನು ಏನು ಮಾಡಲಿ? ಅವನ ಮೈಕ್ ಕಿತ್ತುಕೊಂಡು ಬಾಯಿಗೆ ಬಂದದ್ದು ಹೇಳಿ ಮುಗಿಸಿದೆ. ಹಿಂದೆ ಪ್ರೊಜೆಕ್ಟರ್ ಒಂದೇ ಸಮನೆ ಓಡುತ್ತಿತ್ತು. ಮೂರ್ತಿಗಳು ಕೊನೆಯವರೆಗೂ ಅದನ್ನು ನಿಲ್ಲಿಸಲಿಲ್ಲ.

ಲಾಯ್ ಫಾಂಗ್‌ಗೆ ಕನ್ನಡ ಬಾರದು. ಅವಳು ನೋಡಿದ್ದು ಪರದೆಯನ್ನು, ಕೇಳಿದ್ದು ನಗುವನ್ನು. ದೀಪ ಹಾಕಿದ ಕೂಡಲೇ ಎದ್ದು ಓಡಿಹೋಗಿ ಮೂರ್ತಿಗಳ ಕೈ ಹಿಡಿದು ಕುಲುಕುತ್ತಾ ಕಂಗ್ರಾಜುಲೇಷನ್ಸ್ ಅಂದಳು. ಅವರು ಕೈ ಬಿಡಿಸಿಕೊಳ್ಳಲಿಲ್ಲ. "ಥ್ಯಾಂಕ್ ಯೂ," ಅಂದರು. ಆಮೇಲೆ ರೀಲುಗಳನ್ನು ಒಂದೊಂದಾಗಿ ಸುತ್ತಿ ಡಬ್ಬಿಗೆ ಹಾಕಿದರು. ಊಟಕ್ಕೆ ಕೂತಾಗ ಗಂಗಕ್ಕನೇ ಬಡಿಸಿದಳು. ಅವರು ತಲೆ ಎತ್ತಲಿಲ್ಲ.

ಪ್ರಭಾಕರನ ಮದುವೆ ಆ ಬೇಸಿಗೆಯಲ್ಲಿ ಆಯಿತು. ಹುಡುಗಿ ಒಳ್ಳೆಯವಳೇ. ಅವನೂ ಕೆಟ್ಟವನಲ್ಲ, ಅದೇ ನನ್ನ ಸಂಕಟ. ಕೆಟ್ಟವನಾಗಿದ್ದರೆ ಬೈದು ಮರೆಯಬಹುದಿತ್ತು. ಮೂರ್ತಿಗಳು ಎಷ್ಟೋ ವರ್ಷ ಎಲ್ಲ ಹಬ್ಬಕ್ಕೂ ಪ್ರೊಜೆಕ್ಟರ್ ಹೊತ್ತು ಬಂದರು, ಕನ್ನಡದ ಚಿತ್ರಗಳನ್ನೇ ತಂದರು. ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲ. ಗಂಗಕ್ಕ ಈ ದೇಶಕ್ಕೆ ಮತ್ತೆ ಬರಲಿಲ್ಲ. ಈಗ ಇಬ್ಬರೂ ಇಲ್ಲ.

ಅವಳನ್ನು ವಿಮಾನಕ್ಕೆ ಬಿಡಲು ನಾನೂ ಹೋಗಿದ್ದೆ. ಪ್ರಭಾಕರ ಕಾರು ಪಾರ್ಕ್ ಮಾಡಲು ಹೋಗಿದ್ದ. ಬೆಂಚಿನ ಮೇಲೆ ನಾವಿಬ್ಬರೇ ಇದ್ದೆವು. ನನಗೆ ಅವಳ ಮೇಲೂ ಸಿಟ್ಟಿತ್ತು. ಅವಳೇ ಕೇಳಿದಳು.

"ವಿಮಲಾ, ಆ ಪಿಕ್ಚರ್‌ನಾಗ ಆಕಿ ಕಡೀಕ ಖರೇನ ಏನಂತಾಳ? ನಾವು ಆಡಿದ್ದಲ್ಲ. ಅವರ ಭಾಷಾದಾಗ."

ಅದು ನನಗೆ ಗೊತ್ತಿತ್ತು, ಲಾಯ್ ಫಾಂಗ್ ಹೇಳಿದ್ದಳು. ಅಷ್ಟು ಚಿಕ್ಕ ಮಾತಿಗೆ ಜನ ನಗುವುದಿಲ್ಲ ಎಂದು ಮೊದಲ ಆಟದಲ್ಲೇ ನಾನು ಅದಕ್ಕೆ ಉದ್ದುದ್ದ ಮಾತು ಸೇರಿಸಿದ್ದೆ.

"ಹೂಂ ಅಂತಾಳೆ," ಅಂದೆ.

"ಮುಂದ?"

"ಮುಂದೇನಿಲ್ಲ. ಹೂಂ, ಅಷ್ಟೇ."

ಗಂಗಕ್ಕ ನನ್ನ ಮುಖ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲವೆಂದು ತಿಳಿದ ಮೇಲೆ ತನ್ನ ಕೈಗಳ ಕಡೆ ನೋಡಿಕೊಂಡಳು.

"ಅಷ್ಟ ಏನ?" ಅಂದಳು.